ಪ್ರಶ್ನೆಯಮ್ಮನ ಅಕ್ಕ

ಜೂನ್ 8

ಅಕ್ಕಾ,

ತಲುಪಿದೆ, ಆರೋಗ್ಯವಾಗಿದ್ದೇನೆ, ಊಟ ಚೆನ್ನಾಗಿದೆ. ಇಷ್ಟು ಬರೆಯದಿದ್ದರೆ ನೀನು ಮುಂದಕ್ಕೆ ಓದುವುದಿಲ್ಲವೆಂದು ಮೊದಲೇ ಬರೆದುಬಿಟ್ಟೆ. ಊಟದ ವಿಷಯ ಮಾತ್ರ ಸುಳ್ಳು.

ಹಾಸ್ಟೆಲ್ ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ಎಷ್ಟು ಒತ್ತಿದರೂ ಬಾಗಿಲು ಮುಚ್ಚದ ಒಂದು ಕಪಾಟು. ಜೊತೆಗಿರುವ ಹುಡುಗಿ ನನ್ನನ್ನು ಕಂಡ ಕೂಡಲೇ ಎದ್ದು ನಿಂತು, "ಮಗಳನ್ನ ಬಿಡೋಕೆ ಬಂದ್ರಾ ಆಂಟಿ?" ಎಂದು ಕೇಳಿದಳು. ಮೂವತ್ತನಾಲ್ಕಕ್ಕೇ ಆಂಟಿಯಾದೆ. ತರಗತಿಯಲ್ಲೂ ನಾನೇ ಹಿರಿಯಳು. ಕ್ಲಿನಿಕ್ಕಿನಲ್ಲಿ ಎಂಟು ವರ್ಷ ನರ್ಸ್ ಆಗಿದ್ದೆ ಎಂದು ಪರಿಚಯ ಮಾಡಿಕೊಂಡಾಗ, ನಮ್ಮ ಮೇಡಂ, "ಹಾಗಾದ್ರೆ ನೀವು ಮರೀಬೇಕಾಗಿರೋದು ಬಹಳ ಇದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ನಾನು ಸೇರಿರುವ ಸಾರ್ವಜನಿಕ ಆರೋಗ್ಯ ಮತ್ತು ಸಮುದಾಯ ಕಾರ್ಯದ ಕೋರ್ಸ್ ಎಂದರೆ ಪುಸ್ತಕ ಓದುವುದು ಎಂದುಕೊಂಡಿದ್ದೆ. ಅಲ್ಲ, ನಡೆಯುವುದು. ವಾರದಲ್ಲಿ ಮೂರು ದಿನ ಬಸ್ ಡಿಪೋದ ಹಿಂದಿನ ಗಲ್ಲಿಗೆ ಹೋಗಬೇಕು. ಸಾಲು ಕೋಣೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ನಲ್ಲಿಯ ಪಕ್ಕ ಒಂದು ಮುರುಕು ಬೆಂಚು. ಆ ಬೆಂಚಿನ ಮೇಲೆ ಕೂರಬೇಕು. ಯಾರಿಗೂ ಬುದ್ಧಿ ಹೇಳುವಂತಿಲ್ಲ, ಉಪಾಯ ಹೇಳುವಂತಿಲ್ಲ. ಬರೀ ಕೇಳಬೇಕು. "ನೀವು ಉತ್ತರ ಕೊಟ್ರೆ, ನೀವು ಹೋದ ದಿನ ಉತ್ತರಾನೂ ಹೋಗುತ್ತೆ. ಅವರೇ ಕಂಡುಕೊಂಡಿದ್ದು ಅವರ ಹತ್ರಾನೇ ಉಳಿಯುತ್ತೆ" ಎನ್ನುವುದು ಮೇಡಂ ಮಾತು. ನನಗೆ ಹಿಡಿಸಿತು. ಕ್ಲಿನಿಕ್ಕಿನಲ್ಲಿ ಉಪ್ಪು ಬಿಡಿ, ಬೀಡಿ ಬಿಡಿ, ಮಾತ್ರೆ ಬಿಡಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತೇ ಹೊರತು ಒಬ್ಬರೂ ಏನೂ ಬಿಡಲಿಲ್ಲ, ಮಾತ್ರೆಯನ್ನು ಬಿಟ್ಟು.

ಗಲ್ಲಿಯ ಮುದುಕಿಯೊಬ್ಬಳು ನನಗೆ ಆಗಲೇ ಹೆಸರಿಟ್ಟಿದ್ದಾಳೆ. "ಬಂದಳು ನೋಡ್ರೇ ಪ್ರಶ್ನೆಯಮ್ಮ. ಪಾಪ, ಇವಳಿಗೆ ಏನೂ ಗೊತ್ತಿಲ್ಲ, ಎಲ್ಲಾನೂ ನಮ್ಮನ್ನೇ ಕೇಳ್ತಾಳೆ."

ನಿಮ್ಮ ಬೀದಿಯ ಮೂಲೆ ಅಂಗಡಿಗೆ ಫೋನು ಮಾಡುವುದಿಲ್ಲ. ನೀನು ಬರುವಷ್ಟರಲ್ಲಿ ಅಂಗಡಿಯವನು ನನ್ನ ಕಥೆಯನ್ನೆಲ್ಲ ಕೇಳಿಕೊಂಡು ಮೂರು ಬೀದಿಗೆ ಹಂಚಿರುತ್ತಾನೆ. ಪತ್ರವೇ ವಾಸಿ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ಎಚ್ಚರವಾಗಿದ್ದರೆ.

ನಿನ್ನ ತಂಗಿ

*

ಜೂನ್ 19

ಗಿಣೀ,

ಪತ್ರ ಬಂತು. ಓದಿ ನಗು ತಡೆಯಲಾಗಲಿಲ್ಲ. ಕೇಳದವರಿಗೂ ಕರೆದು ಉತ್ತರ ಕೊಡುತ್ತಿದ್ದವಳು ನೀನು. ಅದಕ್ಕೇ ಅಲ್ಲವೇ ನಾನು ಗಿಣಿ ಎಂದು ಕರೆದದ್ದು? ಪಕ್ಕದ ಮನೆಯವರು ನನ್ನನ್ನು ಏನಾದರೂ ಕೇಳಿದರೆ ನನ್ನ ಸೀರೆಯ ಹಿಂದಿನಿಂದ ನೀನು ಹೇಳುತ್ತಿದ್ದೆ. ಅಂಥವಳ ಬಾಯಿಗೆ ಬೀಗ ಹಾಕಿದ ಆ ಮೇಡಂ ಸಿಕ್ಕರೆ ಕೈ ಮುಗಿಯುತ್ತೇನೆ. ಇಷ್ಟು ಸಣ್ಣ ಕೆಲಸಕ್ಕೆ ವಿಶ್ವವಿದ್ಯಾಲಯವೇ ಬೇಕಾಯಿತು ನೋಡು.

ನಿನ್ನ ಭಾವ ಎಂದಿನಂತೆ. ರಾತ್ರಿ ಗೋದಾಮು ಕಾಯುತ್ತಾರೆ, ಹಗಲು ಮಲಗುತ್ತಾರೆ. ಗೋದಾಮಿನಲ್ಲೂ ಮಲಗುತ್ತಾರೆಂದು ನನ್ನ ಅನುಮಾನ. ಕಳ್ಳರಿಗೂ ಪಾಪ ಎನ್ನಿಸಿ ಬರುವುದಿಲ್ಲವೋ ಏನೋ.

ಲಾಂಡ್ರಿಯಲ್ಲಿ ಕೆಲಸ ಹೆಚ್ಚಾಗಿದೆ. ಎರಡು ಹೋಟೆಲಿನ ಚಾದರಗಳು ಹೊಸದಾಗಿ ಬರುತ್ತಿವೆ. ಬೆಳಗಿನಿಂದ ಸಂಜೆಯವರೆಗೆ ಆ ಆವಿಯ ಇಸ್ತ್ರಿಯ ಮುಂದೆ ನಿಂತರೆ ಮನೆಗೆ ಬರುವಾಗ ಕಾಲು ನನ್ನದಲ್ಲ ಅನ್ನಿಸುತ್ತದೆ. ಮೇಸ್ತ್ರಿ ಒಂದು ಸ್ಟೂಲು ಕೊಡಿಸುತ್ತೇನೆ ಎಂದು ಹೋದ ವರ್ಷದಿಂದ ಹೇಳುತ್ತಲೇ ಇದ್ದಾನೆ.

ಇನ್ನೊಂದು ವಿಷಯ. ದೊಡ್ಡದೇನಲ್ಲ. ನನಗೆ ಮುಟ್ಟು ನಿಲ್ಲುತ್ತಿಲ್ಲ. ಬಂದರೆ ಹತ್ತು ದಿನ, ಹದಿನೈದು ದಿನ. ಮೊನ್ನೆ ಇಸ್ತ್ರಿಯ ಮುಂದೆಯೇ ಕಣ್ಣು ಕತ್ತಲೆಯಾಗಿ ಚಾದರದ ರಾಶಿಯ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಗುಂಡಿ ಹೊಲಿಯುವವಳು ನನ್ನನ್ನು ಬಲವಂತವಾಗಿ ನರ್ಸಿಂಗ್ ಹೋಮಿಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ನೋಡಿ, ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಸಿಬಿಡಿ ಎಂದರು. ಗುಂಡಿಯವಳೂ ಹೋದ ವರ್ಷ ತೆಗೆಸಿದ್ದಾಳೆ. "ತೆಗೆಸಿಬಿಡಕ್ಕಾ, ಪೀಡೆ ಹೋಗುತ್ತೆ" ಎನ್ನುತ್ತಾಳೆ.

ನನಗೇನೂ ತೋಚುತ್ತಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಕ್ಕ

*

ಜುಲೈ 1

ಅಕ್ಕಾ,

ನಿನ್ನ ಪತ್ರವನ್ನು ಬಸ್ಸಿನಲ್ಲಿ ಓದಿದೆ. ಇಳಿಯಬೇಕಾದ ಸ್ಟಾಪು ದಾಟಿಹೋಯಿತು.

ಇಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ಗಲ್ಲಿಯ ಚರಂಡಿಯನ್ನು ಕಲ್ಲು ಹಾಕಿ ಮುಚ್ಚಿಸಬೇಕು ಎಂದು ನಾವು ವಿದ್ಯಾರ್ಥಿಗಳೆಲ್ಲ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆವು. ಆದರೆ ಹೇಳುವಂತಿಲ್ಲವಲ್ಲ. ಕೇಳುತ್ತಾ ಹೋದೆವು. ಆಗ ತರಕಾರಿ ಮಾರುವವಳೊಬ್ಬಳು, "ಚರಂಡಿ ಇದ್ದರೆ ಇರಲಿ ಬಿಡಮ್ಮ. ಡಿಪೋದವರು ಬೆಳಿಗ್ಗೆ ಬಸ್ಸು ತೊಳೆದ ಎಣ್ಣೆ ನೀರು ಬಿಡ್ತಾರೆ, ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಿಗೇ ಅದು ಉಕ್ಕುತ್ತೆ" ಎಂದಳು. ಕಲ್ಲು ಹಾಕಿ ಮುಚ್ಚಿದ್ದರೂ ಅದು ಉಕ್ಕುತ್ತಿತ್ತು. ಈಗ ಹೆಂಗಸರೇ ಸೇರಿ ಡಿಪೋ ಮ್ಯಾನೇಜರನ್ನು ಹೋಗಿ ಕಂಡಿದ್ದಾರೆ. ಬಸ್ಸು ತೊಳೆಯುವ ಹೊತ್ತು ಬದಲಾಗಿದೆ. ನಾವು ಒಂದು ಮಾತೂ ಹೇಳಲಿಲ್ಲ. ನನಗೆ ಆ ದಿನ ಎಷ್ಟು ಸಂತೋಷವಾಯಿತೆಂದರೆ ಹಾಸ್ಟೆಲ್ಲಿನ ಊಟ ಕೂಡ ಒಳಗೆ ಇಳಿಯಿತು.

ನಿನ್ನ ವಿಷಯ. ಡಾಕ್ಟರು ಹೇಳಿದ್ದನ್ನು ಕೇಳಿ ನಿನಗೆ ಏನನ್ನಿಸಿತು? ಆಪರೇಷನ್ನಿನಿಂದ ನಿನಗೆ ಏನಾಗಬೇಕೆಂದು ಬಯಸುತ್ತೀಯ? ಇನ್ನೊಬ್ಬ ಡಾಕ್ಟರಿಗೆ ತೋರಿಸುವ ಬಗ್ಗೆ ನಿನ್ನ ಯೋಚನೆ ಏನು? ಇವನ್ನೆಲ್ಲ ನಿಧಾನವಾಗಿ ಯೋಚಿಸು. ನಿನ್ನ ದೇಹ ನಿನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ವರದಿ ಬರೆಯುವುದು ಬಾಕಿ ಇದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ತಂಗಿ

*

ಜುಲೈ 12

ಗಿಣೀ,

ಚರಂಡಿಯ ಬಗ್ಗೆ ಇಡೀ ಒಂದು ಪುಟ, ನನ್ನ ಬಗ್ಗೆ ನಾಲ್ಕು ಸಾಲು. ಊರಿಗೆ ಉಪಕಾರಿ, ಮನೆಗೆ ಮಾರಿ. ಇರಲಿ, ಎಣ್ಣೆ ನೀರು ನಿಂತದ್ದು ಒಳ್ಳೆಯದಾಯಿತು.

ನನ್ನ ದೇಹ ನನಗೆ ಗೊತ್ತು ನಿಜ. ಅದಕ್ಕೆ ಸುಸ್ತಾಗಿದೆ, ಅಷ್ಟು ಗೊತ್ತು. ಅದರೊಳಗೆ ಏನಿದೆ ಎಂದು ಗೊತ್ತಾಗುವುದಕ್ಕೆ ನಾನು ನರ್ಸೇ? ನೀನು ನರ್ಸು. ಕೇಳಿದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಡಬೇಡ.

ಸ್ಕ್ಯಾನು ಮಾಡಿಸಿದೆ. ಗಡ್ಡೆ ನಿಂಬೆಹಣ್ಣಿಗಿಂತ ಚಿಕ್ಕದಂತೆ. "ಇದು ಕೆಟ್ಟದ್ದಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ತಲೆ ಎತ್ತದೆ, "ಈಗ ಏನೂ ಹೇಳೋಕಾಗಲ್ಲ. ಹೇಗೂ ಮಕ್ಕಳಿಲ್ಲ ಅಂತೀರಿ, ವಯಸ್ಸೂ ನಲವತ್ನಾಲ್ಕಾಯ್ತು. ಅದನ್ನ ಇಟ್ಕೊಂಡು ಏನ್ ಮಾಡ್ತೀರಿ?" ಎಂದರು. ಹಳೆಯ ಕೊಡೆಯ ಬಗ್ಗೆ ಮಾತಾಡಿದ ಹಾಗೆ. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ನಿನ್ನ ಭಾವ ಪಕ್ಕದಲ್ಲಿ ನಿಂತು ಹೋಗಿಬರುವ ಆಟೋಗಳನ್ನು ನೋಡುತ್ತಿದ್ದರು. ಆ ಮಾತು ಅವರಿಗೂ ಕೇಳಿಸಿತ್ತು.

ಅದು ಇದ್ದು ನನಗೆ ಏನೂ ಮಾಡಿಕೊಡಲಿಲ್ಲ, ನಿಜ. ಆದರೂ ನನ್ನದಲ್ಲವೇ?

ಹೆಚ್ಚು ಬರೆಯಬೇಡ. ಒಂದೇ ಪದ ಬರೆ. ಬೇಕು ಅಥವಾ ಬೇಡ. ಕಾರ್ಡಿನಲ್ಲಿ ಬರೆದರೂ ಸಾಕು, ಅಂಚೆಯವನು ಓದಿಕೊಂಡರೆ ಓದಿಕೊಳ್ಳಲಿ.

ಅಕ್ಕ

*

ಜುಲೈ 24

ನನ್ನ ಪ್ರೀತಿಯ ಅಕ್ಕಾ,

ಈ ಪತ್ರ ಬರೆಯಲು ಮೂರು ಸಲ ಕೂತೆ. ಎರಡು ಸಲ ಹಾಗೆಯೇ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಗಲ್ಲಿ, ತರಗತಿ, ವರದಿ, ಮತ್ತೆ ಗಲ್ಲಿ. ಸುಸ್ತು ಮಲಗಿದರೂ ಹೋಗುತ್ತಿಲ್ಲ. ನೀನು ದಿನವಿಡೀ ನಿಂತು ದುಡಿಯುವವಳು, ನಿನ್ನೆದುರು ಈ ಮಾತು ಹೇಳಲು ನಾಚಿಕೆಯಾಗುತ್ತದೆ.

ನೀನು ಒಂದು ಪದ ಕೇಳಿದ್ದೀಯ. ಅದನ್ನು ನಾನು ಬರೆಯಬಾರದು ಅಕ್ಕಾ. ನಾನು ಬೇಕು ಎಂದರೆ ನೀನು ಕಣ್ಣು ಮುಚ್ಚಿ ಮಾಡಿಸುತ್ತೀಯ, ಬೇಡ ಎಂದರೆ ಕಣ್ಣು ಮುಚ್ಚಿ ಬಿಡುತ್ತೀಯ. ಜೀವನವಿಡೀ ಬೇರೆಯವರ ಮಾತಿನಂತೆ ನಡೆದಿದ್ದೀಯ. ಅಪ್ಪ ಹೇಳಿದರೆಂದು ಓದು ಬಿಟ್ಟೆ, ನನ್ನನ್ನು ಬೆಳೆಸಲೆಂದು ಎಷ್ಟೆಷ್ಟನ್ನೋ ಬಿಟ್ಟೆ. ಇದೊಂದನ್ನಾದರೂ ನೀನೇ ತೀರ್ಮಾನಿಸಬೇಕು ಎಂದು ನನಗೆ ಬಹಳ ಆಸೆ.

ಅದಕ್ಕೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನಗೆ ಏನನ್ನಿಸುತ್ತದೆ? ಯಾವುದರ ಭಯ ಹೆಚ್ಚಾಗಿದೆ? ಆ ಹೊತ್ತಿನಲ್ಲಿ ಯಾರು ಹತ್ತಿರ ಇರಬೇಕು ಅನ್ನಿಸುತ್ತದೆ? ಏನು ಮಾಡಿದರೆ ನಿನ್ನ ಮನಸ್ಸಿಗೆ ಸಮಾಧಾನ? ನೀನು ಏನೇ ತೀರ್ಮಾನ ಮಾಡಿದರೂ ನಾನು ನಿನ್ನ ಜೊತೆಗಿದ್ದೇನೆ.

ನಿನ್ನ ಗಿಣಿ

*

ಆಗಸ್ಟ್ 5

ಮಗೂ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ. ಅರ್ಥವಾಯಿತು. ಇನ್ನು ನಿನ್ನನ್ನು ಕೇಳಿ ಕಷ್ಟ ಕೊಡುವುದಿಲ್ಲ.

ಆಪರೇಷನ್ ಮಾಡಿಸಿಕೊಳ್ಳುತ್ತೇನೆ. ಸೆಪ್ಟೆಂಬರ್ ನಾಲ್ಕಕ್ಕೆ ಎಂದಿದ್ದಾರೆ. ಲಾಂಡ್ರಿಯಲ್ಲಿ ರಜೆ ಕೇಳಿದ್ದೇನೆ. ಮೇಸ್ತ್ರಿ ಯಾಕೆ ಏನು ಎಂದು ಕೇಳದೆ ಒಪ್ಪಿದ. ಅವನೂ ಒಳ್ಳೆಯವನೇ.

ಹೊಲಿಗೆ ಯಂತ್ರವನ್ನು ಗುಂಡಿಯವಳಿಗೆ ಕೊಟ್ಟೆ. ಅವಳ ಮಗಳು ಕಲಿಯುತ್ತಿದ್ದಾಳಂತೆ, ಇಲ್ಲಿ ಸುಮ್ಮನೆ ಮೂಲೆಯಲ್ಲಿತ್ತು. ಅಮ್ಮನ ಕಂದು ಶಾಲನ್ನು ಪಾರ್ಸೆಲ್ ಮಾಡಿದ್ದೇನೆ. ಅದು ನಿನ್ನ ಹತ್ತಿರ ಇರಲಿ.

ಚೆನ್ನಾಗಿ ಓದು. ಏನೇ ಆದರೂ ಓದು ಬಿಟ್ಟು ಓಡಿ ಬರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನಂಥ ತಂಗಿ ಸಿಕ್ಕಿದ್ದು ನನ್ನ ಪುಣ್ಯ.

ಅಕ್ಕ

*

ಆಗಸ್ಟ್ 13

ಅಕ್ಕಾ,

ನಿನ್ನ ಪತ್ರ ಓದಿ ಎದೆಯ ಮೇಲಿನ ಭಾರ ಇಳಿಯಿತು. ಬಯ್ಯುತ್ತೀಯ ಎಂದು ಹೆದರಿಕೊಂಡೇ ಒಡೆದೆ. ಒಂದು ಬೈಗುಳವೂ ಇಲ್ಲ, ಒಂದು ಗಾದೆಯೂ ಇಲ್ಲ! ನನ್ನ ಅಕ್ಕನೇ ಬರೆದದ್ದೇ ಎಂದು ಅಕ್ಷರ ನೋಡಿ ಖಾತ್ರಿ ಮಾಡಿಕೊಂಡೆ. ಎಷ್ಟು ಶಾಂತವಾಗಿ ಬರೆದಿದ್ದೀಯ. ನೀನೇ ಯೋಚಿಸಿದೆ, ನೀನೇ ತೀರ್ಮಾನಿಸಿದೆ. ನಿಜ ಹೇಳಲೇ? ಆ ತೀರ್ಮಾನ ನನ್ನ ಮನಸ್ಸಿನಲ್ಲಿದ್ದದ್ದಲ್ಲ. ಆದರೆ ನನ್ನ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಇಲ್ಲಿ ಮುಖ್ಯವಲ್ಲ. ಅದನ್ನೇ ಅಲ್ಲವೇ ನಾನು ಇಲ್ಲಿ ಕಲಿಯುತ್ತಿರುವುದು.

ಯಾರೆಂದು ಹೇಳದೆ ನಿನ್ನ ಸಂಗತಿಯನ್ನು ತರಗತಿಯಲ್ಲಿ ಹೇಳಿದೆ. ತುಂಬ ದಣಿದ ಒಬ್ಬ ಹೆಂಗಸು, ಮೊದಲು ಬರೀ ಉತ್ತರ ಕೇಳುತ್ತಿದ್ದವಳು, ಕೊನೆಗೆ ತನ್ನ ದಾರಿಯನ್ನು ತಾನೇ ಕಂಡುಕೊಂಡಳು ಎಂದು. ಎಲ್ಲರೂ ಮೆಚ್ಚಿಕೊಂಡರು. ಕೋಣೆಯ ಹುಡುಗಿಯಂತೂ ಕಣ್ಣು ಒರೆಸಿಕೊಂಡಳು.

ಶಾಲು ಬಂತು. ಅದರಲ್ಲಿ ಇನ್ನೂ ಅಮ್ಮನ ವಾಸನೆ ಇದೆ, ಅಥವಾ ನಿನ್ನ ಕಪಾಟಿನದ್ದೋ. ಇಲ್ಲಿ ಮಳೆಯ ಚಳಿ ಶುರುವಾಗಿದೆ, ಸರಿಯಾದ ಹೊತ್ತಿಗೆ ಕಳಿಸಿದೆ. ಹೊಲಿಗೆ ಯಂತ್ರ ಕೊಟ್ಟದ್ದೂ ಒಳ್ಳೆಯದೇ ಆಯಿತು, ಮನೆಯಲ್ಲಿ ಜಾಗವಾಯಿತು. ಆಪರೇಷನ್ ಆದಮೇಲೆ ಮಂಚವನ್ನು ಆ ಮೂಲೆಯ ಕಿಟಕಿಯ ಹತ್ತಿರ ಹಾಕಿಸಿಕೋ.

ನನ್ನ ಪರೀಕ್ಷೆ ಆಗಸ್ಟ್ ಕೊನೆಯವರೆಗೆ ಇದೆ. ಆಪರೇಷನ್ನಿಗೆ ಮೊದಲು ಬಂದುಬಿಡುತ್ತೇನೆ.

ನಿನ್ನ ಗಿಣಿ

*

ಆಗಸ್ಟ್ 18

ಮಗೂ,

ಬರಬೇಡ ಎಂದಿದ್ದೆ, ಬರುತ್ತೇನೆ ಎನ್ನುತ್ತೀಯ. ನಿನ್ನ ಇಷ್ಟ. ಬರುವ ಮೊದಲು ಕೆಲವು ವಿಷಯ ನಿನಗೆ ಗೊತ್ತಿರಲಿ. ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ.

ನಿನ್ನ ಭಾವನಿಗೆ ಚಹಾ ಮಾಡಿಕೊಳ್ಳುವುದನ್ನು ಕಲಿಸಿದ್ದೇನೆ. ಅನ್ನ ಮಾಡುವುದು ಇನ್ನೂ ಬಂದಿಲ್ಲ, ನೀರು ಜಾಸ್ತಿ ಹಾಕುತ್ತಾರೆ. ಅವರು ಕೋಪ ಬಂದಾಗ ಮಾತಾಡುವುದಿಲ್ಲ, ದುಃಖವಾದಾಗಲೂ ಮಾತಾಡುವುದಿಲ್ಲ. ಯಾವುದು ಯಾವಾಗ ಎಂದು ತಿಳಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನೀನು ಅವರನ್ನು ಬಿಟ್ಟುಬಿಡಬೇಡ. ಆಗಾಗ ಬಂದು ನೋಡಿಕೊಂಡು ಹೋಗು.

ನೀನು ನನ್ನಿಂದ ಮುಚ್ಚಿಟ್ಟದ್ದಕ್ಕೆ ನನಗೆ ಕೋಪವಿಲ್ಲ. ಯಾವ ತಂಗಿಯ ಕೈ ಅದನ್ನು ಬರೆಯುತ್ತದೆ? ಅಮ್ಮನ ಕೊನೆಯ ದಿನಗಳು ನಿನಗೆ ನೆನಪಿವೆಯಲ್ಲ. ಅಲ್ಲಿಯವರೆಗೆ ಅವಳನ್ನು ನೋಡುತ್ತಿದ್ದ ಡಾಕ್ಟರು ಬಾಗಿಲಲ್ಲೇ ನಿಂತು ಗದರುತ್ತಿದ್ದರು. "ಮಾತ್ರೆ ನುಂಗಿದ್ರಾ? ಯಾಕೆ ನುಂಗಿಲ್ಲ? ಏಳಿ, ಎದ್ದು ಓಡಾಡಿ" ಎಂದು. ಒಂದು ದಿನ ಬಂದವರೇ ಮಂಚದ ಮೇಲೆ ಕೂತು, ಕೈ ಹಿಡಿದುಕೊಂಡು, "ನಿಮಗೆ ಏನನ್ನಿಸುತ್ತೆ ಅಮ್ಮಾ? ಯಾರು ಹತ್ತಿರ ಇರಬೇಕು ಅನ್ನಿಸುತ್ತೆ?" ಎಂದು ಮೆಲ್ಲಗೆ ಕೇಳಿದರು. ಅಮ್ಮ ನನ್ನ ಕಡೆ ತಿರುಗಿ ನೋಡಿದಳು. ಅವಳಿಗೆ ಅಲ್ಲೇ ತಿಳಿದುಹೋಯಿತು, ನನಗೂ.

ನಿನ್ನ ಜುಲೈ ಕೊನೆಯ ಪತ್ರದಲ್ಲಿ ಅದೇ ಮಾತು ಇತ್ತು. ಗದರುವವರು ಮೆತ್ತಗಾದರೆ ಅಷ್ಟೇ. ಜೀವನವಿಡೀ ನನಗೆ "ನಿಂಗೇನೂ ಗೊತ್ತಾಗಲ್ಲ ಸುಮ್ನಿರು" ಎಂದವಳು ನೀನು. ನಿನ್ನ ಓದು ನಿನಗೆ ಹೇಳಿಕೊಟ್ಟಿರಬೇಕು, ಇಂಥವರ ಹತ್ತಿರ ಹೀಗೆ ಮಾತಾಡಬೇಕೆಂದು.

ನನಗೆ ಸಾಯುವ ಭಯ ಇಲ್ಲ. ತುಂಬ ದಣಿದಿದ್ದೇನೆ, ಅದೊಂದೇ. ನೀನು ಅಳಬೇಡ.

ಅಕ್ಕ

*

ಆಗಸ್ಟ್ 23

ಅಕ್ಕಾ,

ನಿನಗೆ ಕ್ಯಾನ್ಸರ್ ಇದೆ ಎಂದುಕೊಂಡು ನಾನು ಹಾಗೆ ಬರೆದದ್ದಲ್ಲ. ಇರಬಹುದು ಎಂದು ಒಂದು ಸಲವೂ ಯೋಚಿಸಿಲ್ಲ. ನಾನು ಏನನ್ನೂ ಮುಚ್ಚಿಟ್ಟಿಲ್ಲ. ನನ್ನಾಣೆಗೂ ಇಲ್ಲ.

ಅಷ್ಟು ಸಣ್ಣ ಗಡ್ಡೆ ಎಷ್ಟೋ ಹೆಂಗಸರಲ್ಲಿ ಇರುತ್ತದೆ. ಆಪರೇಷನ್ ಮಾಡಿಸಬೇಡ. ಮೊದಲು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸು. ರಕ್ತಸ್ರಾವ ಕಡಿಮೆ ಮಾಡುವ ಮಾತ್ರೆಗಳಿವೆ, ಅದನ್ನು ಕೇಳು. ಅನುಮಾನವಿದ್ದರೆ ಒಳಗಿನ ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ, ಅದನ್ನೂ ಕೇಳು. ಕಬ್ಬಿಣದ ಮಾತ್ರೆ ಇವತ್ತೇ ಶುರು ಮಾಡು. ಲಾಂಡ್ರಿಗೆ ಹೋಗಬೇಡ. ಹೊಲಿಗೆ ಯಂತ್ರ ವಾಪಸ್ ತಾ.

ನಿನ್ನೆ ನಿನ್ನ ಪತ್ರ ಸಿಕ್ಕಿದ ಕೂಡಲೇ ಅಂಗಡಿಗೆ ಫೋನು ಮಾಡಿದೆ. "ಮನೆಗೆ ಬೀಗ ಹಾಕಿದೆಯಮ್ಮ, ಇಬ್ಬರೂ ಎಲ್ಲೋ ಊರಿಗೆ ಹೋಗಿರ್ಬೇಕು" ಎಂದ. ಯಾವ ಊರು? ಬೆಳಿಗ್ಗೆ ಮತ್ತೆ ಮಾಡಿದೆ, ಅದೇ ಮಾತು. ಭಾವನ ಅಣ್ಣನ ಮನೆಗೆ ಹೋಗಿದ್ದೀರಿ ಎಂದುಕೊಂಡಿದ್ದೇನೆ. ಬಂದ ಕೂಡಲೇ ಇದನ್ನು ಓದು.

ಮೇಡಂಗೆ ಎಲ್ಲ ಹೇಳಿದೆ. ಅವರು ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಗಲ್ಲಿಯವರಿಗೆ ಗಲ್ಲಿ ಗೊತ್ತು, ಅದಕ್ಕೆ ಕೇಳಿ ಅಂದೆ. ನಿಮಗೆ ಗೊತ್ತಿರೋದನ್ನ ಬಚ್ಚಿಡಿ ಅಂತ ಯಾವತ್ತು ಹೇಳಿದೆ ನಾನು? ಮನೆಗೆ ಬೆಂಕಿ ಬಿದ್ದಾಗ 'ನೀರಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು' ಅಂತ ಕೇಳ್ತಾರೇನ್ರೀ?" ಎಂದರು. ಕೊನೆಯ ಪರೀಕ್ಷೆ ಮೂವತ್ತೊಂದಕ್ಕೆ. ಸೆಪ್ಟೆಂಬರ್ ಎರಡರ ಬೆಳಿಗ್ಗೆ ನಾನು ಮನೆಯಲ್ಲಿರುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಗಿಣಿ

*

ಆಗಸ್ಟ್ 28

ಗಿಣೀ,

ಊರಿಗೂ ಹೋಗಿರಲಿಲ್ಲ, ಯಾರ ಮನೆಗೂ ಹೋಗಿರಲಿಲ್ಲ. ಇಪ್ಪತ್ತೊಂದಕ್ಕೆ ಒಂದು ಹಾಸಿಗೆ ಖಾಲಿಯಾಗಿದೆ, ಬರುವುದಾದರೆ ಈಗಲೇ ಬನ್ನಿ ಎಂದು ನರ್ಸಿಂಗ್ ಹೋಮಿನಿಂದ ಹೇಳಿ ಕಳಿಸಿದರು. ನಿನಗೆ ಪರೀಕ್ಷೆ, ಯಾಕೆ ತಲೆಬಿಸಿ ಎಂದು ತಿಳಿಸಲಿಲ್ಲ. ಮರುದಿನ ಆಪರೇಷನ್ ಆಯಿತು. ಅಂಗಡಿಯವನಿಗೆ ಗೊತ್ತಾಗದಂತೆ ಹೋದದ್ದು ನನ್ನ ಹೆಗ್ಗಳಿಕೆ.

ನಿನ್ನೆ ಮನೆಗೆ ಬಂದೆ. ನಿನ್ನ ಭಾವ ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬೀಗ ತೆಗೆದರು. ನಿನ್ನ ಪತ್ರ ಬಾಗಿಲ ಕೆಳಗಿನಿಂದ ಒಳಗೆ ಬಿದ್ದಿತ್ತು. ಅದರ ಮೇಲೆ ಕಾಲಿಟ್ಟುಕೊಂಡೇ ಒಳಗೆ ಬಂದೆ. ಅವರೇ ಅದನ್ನು ಎತ್ತಿ ನಿಂತಲ್ಲೇ ಗಟ್ಟಿಯಾಗಿ ಓದಿದರು. "ಹೊಲಿಗೆ ಯಂತ್ರ ವಾಪಸ್ ತಾ" ಎನ್ನುವಲ್ಲಿ ನನಗೆ ನಗು ಬಂದು ಹೊಟ್ಟೆಯ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು. ಓದಿ ಮುಗಿಸಿ ಅವರು ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ಬಹಳ ಹೊತ್ತು ಚಹಾ ಮಾಡಿದರು. ಈ ಸಲ ಅದು ಕೋಪವೋ ದುಃಖವೋ ಎಂದು ನನಗೂ ತಿಳಿಯಲಿಲ್ಲ.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಏನೂ ಇಲ್ಲ. ಸಣ್ಣ ಗಡ್ಡೆ, ಅಷ್ಟೇ. ಅದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆಮೇಲೆ ಅಲ್ಲೇ ಹಾಸಿಗೆಯಲ್ಲಿ ಮಲಗಿಕೊಂಡು ಗೋಡೆ ನೋಡುತ್ತಾ ಅತ್ತೆ. ಸಾಯುವುದಿಲ್ಲ ಎಂದು ಗೊತ್ತಾದ ದಿನ ಅತ್ತವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ನನಗೆ ನಿನ್ನ ಮೇಲೆ ಕೋಪವಿದೆ. ಪತ್ರದಲ್ಲಿ ಬರೆದರೆ ತಣ್ಣಗಾಗುತ್ತದೆ ಎಂದುಕೊಂಡೆ, ಆಗುತ್ತಿಲ್ಲ. ನಾನು ಸಮುದಾಯ ಅಲ್ಲ ಕಣೇ, ನಿನ್ನ ಅಕ್ಕ. ಗಲ್ಲಿಯವರು ತಮ್ಮ ದಾರಿ ತಾವು ಕಂಡುಕೊಳ್ಳಲಿ, ಬಹಳ ಸಂತೋಷ. ನನಗೆ ದಾರಿ ಬೇಕಿರಲಿಲ್ಲ. ದಾರಿ ಹೇಳುವ ಗಿಣಿಯನ್ನು ನಾನೇ ಸಾಕಿದ್ದೆ. ಬಾಯಿ ಬಿಡು ಎಂದು ಎರಡು ಸಲ ಕೇಳಿದರೆ ಅದು ನನ್ನನ್ನೇ ನಿನಗೇನನ್ನಿಸುತ್ತೆ ಎಂದು ಕೇಳಿತು.

ನನ್ನದೂ ತಪ್ಪಿದೆ. ಕ್ಯಾನ್ಸರಾ ಎಂದು ಒಂದು ಮಾತು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಹೌದು ಎಂದುಬಿಡುತ್ತೀಯ ಎಂದು ಹೆದರಿದೆ.

ಈಗ ಬಂದವರೆಲ್ಲ ಒಳ್ಳೆಯದೇ ಆಯಿತು ಎನ್ನುತ್ತಿದ್ದಾರೆ. ಡಾಕ್ಟರು ಹಾಗೆಂದರು, ಗುಂಡಿಯವಳು ಹಾಗೆಂದಳು. "ಪೀಡೆ ಹೋಯ್ತು ನೋಡಕ್ಕಾ" ಎಂದು ಕೈ ತಟ್ಟಿದಳು. ನಾನೂ ಹೌದು ಹೌದು ಎಂದೆ. ನಿನ್ನನ್ನು ಕೊನೆಯ ಸಲ ಕೇಳುತ್ತೇನೆ. ಬೇಕಿತ್ತೋ ಬೇಡವಾಗಿತ್ತೋ? ಸಮಾಧಾನ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನೀನೂ ಆ ಸಾಲಿನಲ್ಲಿ ನಿಲ್ಲಬೇಡ. ಮತ್ತೆ ಪ್ರಶ್ನೆ ಕೇಳಿದೆಯೋ, ಆ ಪತ್ರ ಒಲೆಗೆ.

ನಿನ್ನ ಅಕ್ಕ

*

ಸೆಪ್ಟೆಂಬರ್ 1

ಅಕ್ಕಾ,

ಬೇಡವಾಗಿತ್ತು.

ಮಾತ್ರೆಯಲ್ಲಿ ಮೊದಲು ನೋಡಬಹುದಿತ್ತು. ಅದರಲ್ಲಿ ಆಗದಿದ್ದರೆ ಆಮೇಲೆ ಆಪರೇಷನ್ನಿನ ಮಾತು. ಇನ್ನು ಕೆಲವು ವರ್ಷಕ್ಕೆ ಮುಟ್ಟು ತಾನಾಗಿ ನಿಲ್ಲುತ್ತಿತ್ತು. ಇದೆಲ್ಲ ನನಗೆ ಜೂನ್‌ನಲ್ಲಿ ನಿನ್ನ ಮೊದಲ ಪತ್ರ ಓದಿದಾಗಲೇ ಗೊತ್ತಿತ್ತು. ಬಸ್ಸಿನಲ್ಲೇ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಸ್ಟಾಪು ದಾಟಿದ್ದು ಅದಕ್ಕೇ.

ಈ ಪತ್ರಕ್ಕಿಂತ ಮೊದಲು ನಾನೇ ಬಂದಿರುತ್ತೇನೆ, ಇವತ್ತು ಸಂಜೆಯ ಬಸ್ಸು. ಆದರೂ ಬರೆಯುತ್ತಿದ್ದೇನೆ. ನಿನ್ನ ಮುಖ ನೋಡಿದ ಮೇಲೆ ನನಗೆ ಧೈರ್ಯ ಸಾಲುವುದಿಲ್ಲ. ನಾನೂ ಒಳ್ಳೆಯದೇ ಆಯಿತು ಎಂದುಬಿಡುತ್ತೇನೆ. ಅಂಚೆಯವನು ಇದನ್ನು ತಂದ ದಿನ ನನ್ನೆದುರಿಗೇ ಕೂತು ಓದು. ಓದಿದ ಮೇಲೆ ಬಯ್ಯಿ. ನಾನು ಎದ್ದು ಹೋಗುವುದಿಲ್ಲ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಅಮ್ಮನ ಶಾಲು ವಾಪಸ್ ತರುತ್ತಿದ್ದೇನೆ. ಅದು ನಿನ್ನದು, ಹೊದ್ದುಕೋ. ಭಾವ ಮಾಡಿದ ಅನ್ನದಲ್ಲಿ ನೀರು ಜಾಸ್ತಿಯಾದರೂ ಬಿಡದೆ ತಿನ್ನು. ಕಬ್ಬಿಣದ ಮಾತ್ರೆ ಈಗಲೂ ಬೇಕು, ಮಲ ಕಪ್ಪಾದರೆ ಹೆದರಬೇಡ. ಮೆಟ್ಟಿಲು ಹತ್ತಬೇಡ. ಆರು ವಾರ ಇಸ್ತ್ರಿಯ ಮುಂದೆ ನಿಲ್ಲಬೇಡ, ಮೇಸ್ತ್ರಿಯ ಹತ್ತಿರ ಆ ಸ್ಟೂಲಿನ ವಿಷಯ ನಾನು ಮಾತಾಡುತ್ತೇನೆ. ಮನೆ ಕೊಳಕಾಗಿದ್ದರೆ ಹಾಗೇ ಇರಲಿ, ನಾನು ಬಂದು ಒರೆಸುತ್ತೇನೆ.

ಬಕೆಟ್ ಮುಟ್ಟಬೇಡ.

ಗಿಣಿ